ಅಡಿಲೇಡ್‌ನಲ್ಲಿ ತಂಗಿಯ ಜೊತೆ ಒಂದು ಶನಿವಾರ

ಬ್ರಿಸ್ಬೇನ್‌ನ ಕ್ಯಾಲಮ್‌ವೇಲ್ ಬಡಾವಣೆಯ ನಮ್ಮ ಹಿತ್ತಿಲಲ್ಲಿ ಬಟ್ಟೆ ಒಣಗಹಾಕುತ್ತಿದ್ದಾಗ ಅಡಿಲೇಡ್‌ನಿಂದ ತಂಗಿ ಸುಧಾಳ ಫೋನು ಬಂತು, ಎರಡು ವರ್ಷದ ಮೇಲೆ. "ಶನಿವಾರ ರಜೆ ಇದೆ. ಬಂದ್ರೆ ಊರು ತೋರಿಸ್ತೀನಿ," ಎಂದಷ್ಟೇ ಹೇಳಿದಳು. ಅವಳು ಮಂಗಳೂರಿನ ಕ್ರೈಸ್ತರ ಹುಡುಗ ರೋಶನ್‌ನನ್ನು ಚರ್ಚಿನಲ್ಲಿ ಮದುವೆಯಾದಾಗ, ವ್ರತವಿದೆ ಎಂದು ಹೇಳಿ ನಾನು ಹೋಗಿರಲಿಲ್ಲ. ಅಂದಿನಿಂದ ನಮ್ಮಲ್ಲಿ ಮಾತಿಲ್ಲ. ಈ ಸಲ ತಪ್ಪೊಪ್ಪಿಕೊಂಡೇ ಬರಬೇಕೆಂದು ನಿಶ್ಚಯಿಸಿ, ದೇವಸ್ಥಾನದಲ್ಲಿ ಅರ್ಚನೆ ಮಾಡಿಸಿ, ಪ್ರಸಾದದ ಬಾಳೆಹಣ್ಣು ಚೀಲಕ್ಕೆ ಹಾಕಿಕೊಂಡು ಹೊರಟೆ.

ವಿಮಾನದಲ್ಲಿ ಎರಡೂವರೆ ಗಂಟೆಯ ದಾರಿ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಹಿಂದೆ. ದೇವರು ಕೊಟ್ಟ ಅರ್ಧ ಗಂಟೆ ಎಂದುಕೊಂಡೆ. ಇಳಿದು ನೋಡಿದರೆ, ಹೊರಗಿನ ಹಣ್ಣು ಈ ರಾಜ್ಯಕ್ಕೆ ತರುವಂತಿಲ್ಲ, ಇಲ್ಲೇ ಹಾಕಿ ಎಂದು ಒಂದು ತೊಟ್ಟಿ ಇಟ್ಟಿದ್ದರು. ಪ್ರಸಾದವನ್ನು ತೊಟ್ಟಿಗೆ ಹಾಕುವುದುಂಟೇ? ಪಕ್ಕದಲ್ಲೇ ನಿಂತು ಸುಲಿದು ತಿನ್ನತೊಡಗಿದೆ. ನಾಲ್ಕನೆಯದರ ಹೊತ್ತಿಗೆ ಹೊಟ್ಟೆ ತುಂಬಿತು.

"ಏನಕ್ಕ ಇದು, ತಿಂಡಿ ತಿಂದಿಲ್ವಾ?" ಸುಧಾ ಎದುರಿಗೆ ನಿಂತಿದ್ದಳು.

"ಪ್ರಸಾದ ಕಣೆ. ನಿಮ್ಮಿಬ್ಬರ ಹೆಸರಲ್ಲಿ ಅರ್ಚನೆ ಮಾಡಿಸಿದ್ದು."

"ಇಬ್ಬರ ಹೆಸರಲ್ಲೂನಾ? ರೋಶನ್‌ಗೆ ಗೋತ್ರ ಏನು ಹೇಳ್ದೆ?"

"ಗೋತ್ರ ಗೊತ್ತಿಲ್ದೋರಿಗೆಲ್ಲ ಕಾಶ್ಯಪ ಅಂತೆ. ಅರ್ಚಕರೇ ಹೇಳ್ಕೊಂಡ್ರು."

ಅವಳಿಗೆ ನಗು ತಡೆಯಲಾಗಲಿಲ್ಲ. ಉಳಿದೆರಡು ಹಣ್ಣು ಅವಳು ತಿಂದಳು.

ಪೇಟೆಯ ಹಳೆಯ ಕಲ್ಲು ಕಟ್ಟಡಗಳನ್ನೂ ಸಸ್ಯೋದ್ಯಾನವನ್ನೂ ನೋಡಿಕೊಂಡು ಟ್ರಾಮ್ ಹತ್ತಿ ಗ್ಲೆನೆಲ್ಗ್‌ಗೆ ಹೋದೆವು. ಬಿಸಿಲಿದ್ದರೂ ಚಳಿಗಾಳಿ. ಹಳೆಯ ಟೌನ್‌ಹಾಲಿನ ಮುಂದೆ ಇಳಿದರೆ ಎದುರಿಗೇ ಸಮುದ್ರ, ಅದರೊಳಕ್ಕೆ ಚಾಚಿದ ಉದ್ದನೆಯ ಜೆಟ್ಟಿ. ಸುಧಾ ಎಲ್ಲ ವಿವರಿಸಿದಳು, ಮದುವೆಯ ಮಾತೊಂದನ್ನು ಬಿಟ್ಟು. ಬೆಡ್‌ಫರ್ಡ್ ಪಾರ್ಕ್‌ನ ಆಸ್ಪತ್ರೆಯಲ್ಲಿ ಕೆಲಸ ಮುಗಿಸಿದ ರೋಶನ್ ಚಿಪ್ಸ್ ಪೊಟ್ಟಣ ಹಿಡಿದು ನೇರ ಅಲ್ಲಿಗೇ ಬಂದ.

"ಅಕ್ಕಾ, ಇದು ಮೀನು ಕರಿದ ಎಣ್ಣೆಯದ್ದಲ್ಲ. ಮೂರು ಅಂಗಡಿಯಲ್ಲಿ ಕೇಳಿ ತಂದದ್ದು."

ಬಿಸಿ ಪೊಟ್ಟಣ ಕೈಗೆ ಬಂದ ಮೇಲೆ ಸುಮ್ಮನಿರಲಾಗಲಿಲ್ಲ. "ಅವತ್ತು ವ್ರತ ಏನೂ ಇರ್ಲಿಲ್ಲಪ್ಪ. ಜನ ಏನಂತಾರೋ ಅಂತ ಹೆದರಿ, ದೇವರ ಹೆಸರಲ್ಲಿ ಸುಳ್ಳು ಹೇಳ್ದೆ. ತಪ್ಪಾಯ್ತು," ಎಂದೆ.

"ಗೊತ್ತುಂಟು ಅಕ್ಕಾ," ಎಂದ ರೋಶನ್. "ನಮ್ಮ ದೊಡ್ಡಮ್ಮ ಮಂಡಿನೋವು ಅಂತ ಚರ್ಚಿಗೆ ಬರ್ಲಿಲ್ಲ. ಅದೇ ವಾರ ಗುಡ್ಡ ಹತ್ತಿ ಫೋಟೋ ಕಳಿಸಿದ್ರು."

ಸುಧಾ ನಗಲಿಲ್ಲ. "ಅವತ್ತು ನನ್ನ ಸೀರೆ ನೆರಿಗೆ ಹಿಡಿಯೋಕೂ ನಮ್ಮೋರು ಒಬ್ರೂ ಇರ್ಲಿಲ್ಲ ಅಕ್ಕ," ಎಂದಳು. ಚಿಪ್ಸ್ ಪೊಟ್ಟಣವನ್ನು ಅವಳ ಮುಂದೆ ಹಿಡಿದೆ. ಜೆಟ್ಟಿಯ ತುದಿಯವರೆಗೆ ನಡೆದೆವು. ತಿರುಗಿ ಬರುವಾಗ ಅವಳೇ ಮಾತು ತೆಗೆದಳು.

"ಮುಂದಿನ ತಿಂಗಳು ಬ್ರಿಸ್ಬೇನ್‌ಗೆ ಬರ್ತೀವಿ. ಮೊದ್ಲು ನಾನಿರ್ತಿದ್ದ ರೂಮು ಈಗ ಉಗ್ರಾಣ ಮಾಡಿರ್ತೀಯ, ನಂಗೊತ್ತು."

"ಹೂಂ, ಮಾಡಿದೀನಿ," ಎಂದೆ.

ಅವರ ಮನೆಯಲ್ಲಿ ಉಳಿದು ಮರುದಿನ ಮಧ್ಯಾಹ್ನ ಊರು ಸೇರಿದೆ. ಚೀಲ ಇಳಿಸಿದವಳೇ ಆ ಕೋಣೆಗೆ ಹೋಗಿ, ಮಂಚದ ಮೇಲಿದ್ದ ಅಕ್ಕಿ ಮೂಟೆಯನ್ನು ಎಳೆದು ಕೆಳಗಿಳಿಸಿದೆ.