ಯಜಮಾನರ ಹಾರ್ಮೋನಿಯಂ ಮಾರಿದ ದಿನ

"ಮೂಕ ಪೆಟ್ಟಿಗೆ ಹೊಸ್ತಿಲು ದಾಟಬಾರ್ದು ಕಣಜ್ಜಿ. ಮನೆಯೋರೊಬ್ರು ಹಾಡ್ಬೇಕು, ಆಮೇಲೇ ನಾನು ಎತ್ತೋದು" ಎಂದು ಕೊಳ್ಳಲು ಬಂದ ಗೆಂಡೆಹಳ್ಳಿಯ ಹಾರ್ಮೋನಿಯಂ ಮೇಷ್ಟ್ರು ಪಟ್ಟು ಹಿಡಿದು ಕೂತರು.

ಕಾಲಲ್ಲಿ ತುಳಿದು ನುಡಿಸುವ ಆ ಹಾರ್ಮೋನಿಯಂ ತೀರಿಹೋದ ನಮ್ಮ ಯಜಮಾನರದು. ಅವರು ಕಣಕಟ್ಟೆ ಸುತ್ತಮುತ್ತ ನಾಟಕ ಕಲಿಸುತ್ತಿದ್ದರು. ನನಗೆ ಕೊಬ್ಬರಿ ಮೂಟೆ ಇಡಲು ಜಾಗ ಬೇಕಿತ್ತು, ಅದಕ್ಕೇ ಮಾರಲು ಹೊರಟಿದ್ದೆ.

"ನಾನು ತಾಲೀಮಿನೋರ್ಗೆ ಟೀ ಕಾಯಿಸ್ದೋಳು ಕಣಪ್ಪ, ಹಾಡ್ದೋಳಲ್ಲ" ಎಂದೆ.

"ಟೀ ಕಾಯಿಸ್ವಾಗ ಕಿವಿ ಮುಚ್ಕೊಂಡಿದ್ರಾ?" ಎಂದು ಮೇಷ್ಟ್ರು ತುಳಿಯಲು ಶುರು ಮಾಡಿದರು.

ಒಮ್ಮೆ ಇವರು ತೊಲಗಿದರೆ ಸಾಕೆಂದು ಬಾಯಿ ತೆರೆದೆ. ನಮ್ಮ ಜಗಲಿಯ ತಾಲೀಮಿನಲ್ಲಿ ವರ್ಷಗಟ್ಟಲೆ ಕೇಳಿದ ರಾಜನ ಪಾರ್ಟಿನ ಹಾಡು ಒಂದಕ್ಷರ ತಪ್ಪದೆ ಬಂತು. ಕೊನೆಯ ಸಾಲನ್ನು ಯಜಮಾನರು ಎಳೆಯುತ್ತಿದ್ದ ಹಾಗೆಯೇ ಎಳೆದೆ. ಮೇಷ್ಟ್ರು ತುಳಿಯುವುದನ್ನೇ ಮರೆತರು.

"ನಮ್ಮೂರ ರಾಜನ ಪಾರ್ಟಿನೋನ್ಗೆ ಇಂಥ ಗಂಟಲಿಲ್ಲ ಬಿಡಜ್ಜಿ!"

ಪೆಟ್ಟಿಗೆ ಟೆಂಪೊ ಹತ್ತಿ ಹೋಯಿತು, ಹಾಡು ಮಾತ್ರ ನನ್ನಲ್ಲೇ ಉಳಿಯಿತು. ಈಗ ಪಾತ್ರೆ ತೊಳೆಯುವಾಗೆಲ್ಲ ತಾನಾಗಿಯೇ ಬಾಯಿಗೆ ಬರುತ್ತದೆ. "ಮೆಲ್ಲಗೆ ಹಾಡು ಅತ್ತೆ, ಬೀದಿಗೆ ಕೇಳ್ತೈತೆ" ಎನ್ನುತ್ತಾಳೆ ಸೊಸೆ. ಮೆಲ್ಲಗೆ ಹಾಡಿದರೆ ಅವನೆಂಥ ರಾಜ!