ಕದ್ದು ತಂದ ಬೇನೆ

ಹಸೀನಾ, ನಿಮ್ಮ ಬೇನೆಯನ್ನು ಕದ್ದವನು ನಾನು. ಕೊಡೆ ಕದ್ದವರಿದ್ದಾರೆ, ಮದುವೆಮನೆಯಲ್ಲಿ ಚಪ್ಪಲಿ ಕದ್ದವರಿದ್ದಾರೆ. ಆದರೆ ಇನ್ನೊಬ್ಬರ ಕಾಯಿಲೆಯನ್ನು ಕದ್ದು, ಅದನ್ನು ತೋರಿಸಿ ಹತ್ತು ದಿನ ಮನೆಯಲ್ಲಿ ಮಲಗಿದವನು ಹಾವೇರಿ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಆರು ಮಳೆಗಾಲ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡೆ. ಅದರಿಂದ ಹೊಟ್ಟೆಯೇನೂ ಕರಗಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಎದುರಿಗೆ ನಿಮ್ಮನ್ನು ಯಾವತ್ತೂ ‘ನೀ’ ಎಂದೇ ಕರೆದವನು. ಕಾಗದದಲ್ಲಿ ಮಾತ್ರ ಬಹುವಚನ ಬರುತ್ತಿದೆ. ತಪ್ಪು ಮಾಡಿದವನಿಗೆ ಮರ್ಯಾದೆ ತಾನಾಗಿಯೇ ನೆನಪಾಗುತ್ತದೆ.

ವರದಾ ನದಿ ಕರ್ಜಗಿಯ ಹೊಲ ದಾಟಿ ಓಣಿಗೆ ಬಂದ ವರ್ಷ ಅದು. ಊರಿನ ಅರ್ಧ ಜನ ಶಾಲೆಯಲ್ಲಿದ್ದರು. ನಮ್ಮ ಚಿಕ್ಕ ಪರಿಹಾರ ಸಂಸ್ಥೆಯಿಂದ ಐದು ಮಂದಿ ಅಲ್ಲಿದ್ದೆವು. ನಾನು ತಂಡದ ಮುಖ್ಯಸ್ಥ, ನಾಗಪ್ಪ ಜೀಪಿನ ಚಾಲಕ, ಇಬ್ಬರು ಹೊದಿಕೆ ಮತ್ತು ದಿನಸಿ ಹಂಚುವವರು. ನೀವು ರಾಣೆಬೆನ್ನೂರಿನಿಂದ ದಿನಾ ಬಸ್ಸಿನಲ್ಲಿ ಬಂದು, ಯಾರ ಮನೆಯಲ್ಲಿ ಏನು ಹೋಯಿತು ಎಂದು ಪಟ್ಟಿ ಬರೆಯುವವರು. ಹೊದಿಕೆ ಹಂಚುವುದು ಸುಲಭ – ಕೊಟ್ಟು ಮುಂದೆ ಹೋಗಬಹುದು. ಪಟ್ಟಿ ಬರೆಯುವವರು ಕುಳಿತು ಕೇಳಬೇಕು. ಒಬ್ಬ ಅಜ್ಜಿ ತನ್ನ ಎಮ್ಮೆಯ ಹೆಸರು ಹೇಳಿ, ಅದರ ಸ್ವಭಾವ ಹೇಳಿ, ನೀರಿನಲ್ಲಿ ಅದು ಹೇಗೆ ಕೂಗಿತೆಂದು ಕೂಗಿಯೂ ತೋರಿಸಿದಳು. ನೀವು ಅಷ್ಟನ್ನೂ ಕೇಳಿ, ‘ಎಮ್ಮೆ – ಒಂದು’ ಎಂದು ಬರೆದುಕೊಂಡಿರಿ. ಅಂಥ ಎಷ್ಟು ಎಮ್ಮೆಗಳು ನಿಮ್ಮ ತಲೆಯಲ್ಲಿ ಉಳಿದವೋ – ನಾನು ಕೇಳಲಿಲ್ಲ.

ಆಗ ಹುಬ್ಬಳ್ಳಿಯ ಮುಖ್ಯ ಕಚೇರಿಯಿಂದ ಒಬ್ಬ ಮೇಡಂ ಬಂದರು. ಊರವರ ಕಷ್ಟ ನೋಡುವವರಿಗೂ ನಿದ್ದೆ ಬೇಕು, ಅವರಿಗೂ ಮನಸ್ಸೆಂಬುದು ಇದೆ ಎಂದು ಒಂದು ತಾಸು ತಿಳಿಸಿ ಹೇಳಿದರು. ಕೊನೆಗೆ ‘ಕ್ಷೇಮ ನಮೂನೆ’ ಎಂಬ ಹಾಳೆ ಹಂಚಿದರು. ಪ್ರತಿಯೊಬ್ಬರೂ ಒಬ್ಬರೇ ಕುಳಿತು ತುಂಬಬೇಕು, ಲಕೋಟೆಗೆ ಹಾಕಿ ಅಂಟಿಸಬೇಕು. ಹೋಗುವಾಗ ನನಗೆ ಮಾತ್ರ ಒಂದು ಮಾತು ಹೇಳಿದರು: “ಎಲ್ಲಾರೂ ಆರಾಮ ಅದೇವಿ ಅಂತ ಬರದು ಕಳಸಬ್ಯಾಡ್ರಿ. ಹಂಗ ಬಂದ್ರ ನಾ ನಂಬಂಗಿಲ್ಲ.”

ನಮ್ಮ ಕೆಲಸದಲ್ಲಿ ಒಂದು ರೂಢಿಯಿದೆ, ನಿಮಗೇ ಗೊತ್ತು. ದಣಿದೆ ಎಂದು ಯಾರೂ ಹೇಳುವುದಿಲ್ಲ. ಮನೆ ಕಳೆದುಕೊಂಡವರ ನಡುವೆ ನಿಂತು, ಸಂಜೆ ಒಣಗಿದ ಮನೆಗೆ ಹೋಗುವವನು ಯಾವ ಬಾಯಿಂದ ಹೇಳಬೇಕು? ಹಾಗಾಗಿ ಆ ಹಾಳೆ ಎಲ್ಲರಿಗೂ ಮುಜುಗರದ ವಸ್ತುವಾಯಿತು. ನಾಗಪ್ಪ ಮರುದಿನವೇ ತಂದು ನನ್ನ ಮುಂದೆ ಇಟ್ಟ.

“ಇದರಾಗ ‘ಅಳು ಬರುತ್ತದೆಯೇ’ ಅಂತ ಕೇಳ್ಯಾರ್ರಿ ಸರ. ಹೌದು ಅಂತ ಬರದ್ರ ಸ್ಟೇರಿಂಗ್ ಕಸಗೋತಾರ. ಇಲ್ಲ ಅಂತ ಬರದ್ರ ಸುಳ್ಳಾಗ್ತೈತಿ. ನೀವ ಬರದು ಬಿಡ್ರಿ.”

ಉಳಿದಿಬ್ಬರೂ ಅವನ ಹಿಂದೆಯೇ ಬಂದರು. ನೀವು ಮಾತ್ರ ಕೊಡಲಿಲ್ಲ. ಎರಡು ದಿನ ಆ ಹಾಳೆಯನ್ನು ಪಟ್ಟಿಯ ಪುಸ್ತಕದೊಳಗೆ ಇಟ್ಟುಕೊಂಡೇ ತಿರುಗಿದಿರಿ. ಮೂರನೆಯ ದಿನ ಶಾಲೆಯ ಕಟ್ಟೆಯ ಮೇಲೆ ಕುಳಿತು ನನಗೆ ಹೇಳಿದಿರಿ: “ಸರ, ನಳದಾಗ ನೀರು ಬೀಳೂ ಸಪ್ಪಳ ಕೇಳಿದ್ರ ಸಾಕ್ರಿ, ಎದಿ ಝಲ್ ಅಂತೈತಿ. ಕೈಕಾಲು ತಣ್ಣಗಾಗ್ತಾವ. ನಿದ್ದಿ ಅಂತೂ ಹತ್ತವಲ್ದು. ಇದನ್ನ ಅದರಾಗ ಬರೀಲೇನ್ರಿ?”

ನಾನು ಅಂದ ಮಾತನ್ನು ನೀವು ಮರೆತಿರಲಾರಿರಿ. “ಒಂದು ಕಪ್ ಚಾ ಕುಡಿಯವಾ, ಎಲ್ಲಾ ಆರಾಮ ಆಗ್ತೈತಿ. ಕೊಡು ಇತ್ತಾಗ ಆ ಹಾಳಿ, ನಿನಗ ಬರಿಯೂದು ಕಮ್ಮಿ ಐತೇನು?”

ನಿಮ್ಮ ಕೈಯಿಂದ ಹಾಳೆಯನ್ನು ಎಳೆದುಕೊಂಡೇಬಿಟ್ಟೆ. ದೊಡ್ಡ ಉಪಕಾರ ಮಾಡಿದೆ ಎಂದುಕೊಂಡಿದ್ದೆ – ಆಣೆ ಮಾಡಿ ಹೇಳಬಲ್ಲೆ, ಆ ಕ್ಷಣಕ್ಕೆ ಹಾಗೆಯೇ ಅನಿಸಿತ್ತು.

ಹಾವೇರಿ ಬಸ್ ನಿಲ್ದಾಣದ ಕ್ಯಾಂಟೀನಿನಲ್ಲಿ ಮೂರು ಬಣ್ಣದ ಪೆನ್ನು ಹಿಡಿದು ಕುಳಿತೆ. ನಾಗಪ್ಪನದನ್ನು ಎಡಗೈಯಲ್ಲಿ ಬರೆದೆ. ನಿಜ ಹೇಳಬೇಕೆಂದರೆ ಅದು ಅವನ ಅಕ್ಷರಕ್ಕಿಂತ ಚೆನ್ನಾಗಿ ಬಂತು. ಅವನಿಗೆ ಆರು ತಾಸು ನಿದ್ದೆ ಕೊಟ್ಟೆ. ಹೊದಿಕೆಯವನಿಗೆ ನಂಬುವಂತಿರಲೆಂದು ಸ್ವಲ್ಪ ಸೊಂಟನೋವು ಕೊಟ್ಟೆ. ದಿನಸಿಯವನಿಗೆ ಹಸಿವು ಹೆಚ್ಚಿಸಿದೆ. ದೇವರು ಕೂಡ ಇಷ್ಟು ಲಗುಬಗೆಯಲ್ಲಿ ಹಣೆಬರಹ ಬರೆದಿರಲಿಕ್ಕಿಲ್ಲ. ಆಮೇಲೆ ಮೇಡಂ ಮಾತು ನೆನಪಾಯಿತು. ಯಾರಾದರೊಬ್ಬರಿಗೆ ಏನಾದರೂ ಆಗಿರಲೇಬೇಕಲ್ಲ! ನಾಗಪ್ಪನಿಗೆ ಆದರೆ ಜೀಪು ನಿಲ್ಲುತ್ತದೆ. ನಿಮಗೆ ಆದರೆ ಪಟ್ಟಿಯೇ ನಿಲ್ಲುತ್ತದೆ. ಇಲ್ಲದಿದ್ದರೂ ನಡೆಯುವ ಮನುಷ್ಯ ಯಾರೆಂದು ಲೆಕ್ಕ ಹಾಕಿದಾಗ, ನಾನೇ ಸಿಕ್ಕೆ.

ಆದರೆ ನನಗೆ ಆದದ್ದಾದರೂ ಏನು? ಜೀಪಿನಲ್ಲಿ ಕುಳಿತಲ್ಲೇ ಗೊರಕೆ ಹೊಡೆಯುವವನು ನಾನು. ನಮೂನೆಯ ಕೊನೆಯಲ್ಲಿ ‘ವಿವರಿಸಿ’ ಎಂದು ನಾಲ್ಕು ಸಾಲು ಖಾಲಿ ಬಿಟ್ಟಿದ್ದರು. ಆ ನಾಲ್ಕು ಸಾಲು ನನ್ನನ್ನೇ ನೋಡುತ್ತಿದ್ದವು. ನನ್ನಲ್ಲಿ ಸರಕು ಇರಲಿಲ್ಲ. ಆಗ – ಆಗ ನಿಮ್ಮ ಮಾತು ಬರೆದೆ. ‘ನಲ್ಲಿಯಲ್ಲಿ ನೀರು ಬೀಳುವ ಸದ್ದು ಕೇಳಿದರೆ ಎದೆ ಝಲ್ಲೆನ್ನುತ್ತದೆ, ಕೈಕಾಲು ತಣ್ಣಗಾಗುತ್ತವೆ.’ ಓದಿ ನೋಡಿದರೆ ನನಗೇ ನನ್ನ ಮೇಲೆ ಮರುಕ ಹುಟ್ಟಿತು. ಇನ್ನು ನಿಮ್ಮ ಹಾಳೆ: ನಿದ್ದೆ – ಎಂಟು ತಾಸು. ಅಳು – ಇಲ್ಲ. ‘ಹೆಚ್ಚಿನ ಜವಾಬ್ದಾರಿ ಹೊರಲು ಸಿದ್ಧರಿದ್ದೀರಾ?’ ಎಂಬಲ್ಲಿ ‘ಸಂತೋಷದಿಂದ’ ಎಂದು ಬರೆದೆ. ಅದನ್ನು ಯಾರೂ ಬರೆಯೆಂದಿರಲಿಲ್ಲ. ಕೈ ಓಡುತ್ತಿತ್ತು, ಬರೆದೆ.

ವಾರದೊಳಗೆ ಮೇಡಂ ಫೋನು ಬಂತು. ಅವರ ದನಿ ಕೂಸಿಗೆ ಮಾತಾಡುವಂತೆ ಮೆತ್ತಗಾಗಿತ್ತು. ನನಗೆ ಹತ್ತು ದಿನ ಕಡ್ಡಾಯ ವಿಶ್ರಾಂತಿ. ಅಷ್ಟು ದಿನ ಇಡೀ ಶಿಬಿರದ ಹೊಣೆ, ಸಂತೋಷದಿಂದ ಸಿದ್ಧರಿರುವ ಹಸೀನಾ ಅವರಿಗೆ. ಬೇಡವೆಂದೆ. ಬೇಡ ಎನ್ನುವುದೂ ಆ ಬೇನೆಯ ಲಕ್ಷಣವೇ ಎಂದರು ಮೇಡಂ. ಇದ್ದದ್ದನ್ನು ಹೇಳಲು ಅದೇ ಸಮಯವಾಗಿತ್ತು. ಹೇಳಿದ್ದರೆ ನನ್ನ ಕೆಲಸ ಹೋಗುತ್ತಿತ್ತು, ಇಷ್ಟೇ.

ಬ್ಯಾಡಗಿಯ ಮನೆಯಲ್ಲಿ ಮೂರು ದಿನ ಮಲಗಿದೆ. ನಾಲ್ಕನೆಯ ದಿನ ಮೇಡಂ ವಿಡಿಯೋ ಕರೆ ಮಾಡಿದರು – ಆಪ್ತಸಮಾಲೋಚನೆ. ಅದೇ ಹೊತ್ತಿಗೆ ನನ್ನ ಹೆಂಡತಿ ಗಿರಿಜಾ ಅಡುಗೆಮನೆಯಲ್ಲಿ ಖಾರದ ಪುಡಿಗೆಂದು ಮೆಣಸಿನಕಾಯಿ ಹುರಿಯುತ್ತಿದ್ದಳು. ನಮ್ಮೂರ ಕಾಯಿಯಲ್ಲಿ ಖಾರ ಕಡಿಮೆ ಎನ್ನುವವರು ಹುರಿಯುವಾಗ ಬಂದು ನಿಲ್ಲಬೇಕು. ಕಣ್ಣಿನಿಂದ ಧಾರೆ, ಮೂಗಿನಿಂದ ಧಾರೆ, ಮಾತೇ ಹೊರಡಲಿಲ್ಲ. “ಅತ್ತುಬಿಡ್ರಿ ಸರ, ತಡಕೋಬ್ಯಾಡ್ರಿ,” ಎಂದರು ಮೇಡಂ. ಅವರ ಕಣ್ಣೂ ಒದ್ದೆಯಾಗಿತ್ತು. ಆ ಅಳು ಕಡತದಲ್ಲಿ ಸೇರಿತು.

ಭಾನುವಾರ ನೀವು ಬಂದಿರಿ. ಆರು ದಿನ ಶಿಬಿರ ನಡೆಸಿ, ಇದ್ದ ಒಂದು ರಜೆಯ ದಿನ ರಾಣೆಬೆನ್ನೂರಿನಿಂದ ಬಸ್ಸು ಹಿಡಿದು, ನನ್ನ ಆರೋಗ್ಯ ವಿಚಾರಿಸಲು! ಕೈಯಲ್ಲಿ ಒಂದು ಡಜನ್ ಬಾಳೆಹಣ್ಣು. ಗಿರಿಜಾ ಹಿತ್ತಲಲ್ಲಿ ನಲ್ಲಿ ಬಿಟ್ಟು ಪಾತ್ರೆ ತೊಳೆಯುತ್ತಿದ್ದಳು. ನೀವು ಬಾಗಿಲಲ್ಲೇ ಬಿಳಿಚಿಕೊಂಡಿರಿ. ಗೋಡೆ ಹಿಡಿದುಕೊಂಡು ಹಿತ್ತಲಿಗೆ ನಡೆದು ನಲ್ಲಿ ನಿಲ್ಲಿಸಿದಿರಿ. “ಅಕ್ಕಾರ, ಸರ ಮನಿಯಾಗ ಇದ್ದಾಗ ಇದನ್ನ ಬಿಡಬ್ಯಾಡ್ರಿ. ಅವರಿಗೆ ತ್ರಾಸ ಆಗ್ತೈತಿ.”

ಗಿರಿಜಾ ನನ್ನ ಕಡೆ ನೋಡಿದಳು. ನಾನು ಬಾಳೆಹಣ್ಣಿನ ಕಡೆ ನೋಡಿದೆ.

ಆಮೇಲೆ ನೀವು ಕುಳಿತು ಮೆಲ್ಲಗೆ ಹೇಳಿದ್ದು ಇದು: “ಮೇಡಂ ಹೇಳಿದ್ರು ಸರ. ನಿಮಗೂ ಹಂಗ ಆಗ್ತೈತಂತ. ಅದಕ್ಕ ಅವತ್ತು ನೀವು ಚಾ ಕುಡಿ ಅಂದ್ರಿ – ನಿಮಗ ಅದನ್ನ ಕೇಳಾಕೂ ಆಗಿರಾಕಿಲ್ಲ. ನನಗ ತಿಳೀಲಿಲ್ಲ ನೋಡ್ರಿ. ನನಗೊಬ್ಬಾಕಿಗೆ ತಲಿ ಕೆಟ್ಟೈತಿ ಅಂತ ತಿಳಕೊಂಡಿದ್ದೆ. ನಿಮ್ಮಂಥವರಿಗೂ ಆಗೇತಿ ಅಂದಮ್ಯಾಲ ನಾ ಹುಚ್ಚಿ ಅಲ್ಲ.”

ನಾನು ತಲೆಯಾಡಿಸಿದೆ. ಬಾಯಿ ಬಿಟ್ಟು ಸುಳ್ಳು ಹೇಳಲಿಲ್ಲ, ತಲೆಯಾಡಿಸಿದೆ ಅಷ್ಟೇ ಎಂದು ಎಷ್ಟೋ ದಿನ ಸಮಾಧಾನ ಮಾಡಿಕೊಂಡಿದ್ದೇನೆ.

ನನ್ನ ಹತ್ತು ದಿನ ಮುಗಿಯುವ ಮೊದಲೇ, ಶಾಲೆಯ ಮುಂದೆ ನೀರಿನ ಟ್ಯಾಂಕರ್ ಬಂದು ಕೊಳವೆ ಬಿಟ್ಟಾಗ ನೀವು ಎಚ್ಚರ ತಪ್ಪಿ ಬಿದ್ದಿರಿ. ವಿಶ್ರಾಂತಿ ಕೇಳಿ ಅರ್ಜಿ ಬರೆದಿರಿ. ಕಚೇರಿಯವರು ನಿಮ್ಮ ನಮೂನೆ ತೆಗೆದು ನೋಡಿದರು – ಎಂಟು ತಾಸು ನಿದ್ದೆ. ಮಾನಸಿಕ ಕಾರಣಕ್ಕೆ ದಾಖಲೆಯಿಲ್ಲ ಎಂದಷ್ಟೇ ಉತ್ತರ ಬಂತು; ಹಾಳೆಯಲ್ಲಿ ಏನಿತ್ತೆಂದು ನಿಮಗೆ ಯಾರೂ ತೋರಿಸಲಿಲ್ಲ. ನಿಮ್ಮ ಹೆಸರಿನಲ್ಲಿ ನಾನು ಬರೆದ ಸುಖ ನಿಮ್ಮ ದಾರಿಗೆ ಅಡ್ಡ ನಿಂತಿತು. ನೀವು ಕೆಲಸ ಬಿಟ್ಟಿರಿ. ಈಗ ಬೀಜದ ಕಂಪನಿಯೊಂದರಲ್ಲಿ ಪೊಟ್ಟಣ ಕಟ್ಟುತ್ತೀರಿ. ಪಟ್ಟಿ ಬರೆಯುವುದರಲ್ಲಿ ನಿಮ್ಮಂಥವರು ನನಗೆ ಮತ್ತೆ ಸಿಗಲಿಲ್ಲ. ಜನ ನಿಮ್ಮ ಮುಂದೆ ಅತ್ತು ಹಗುರಾಗಿ ಎದ್ದು ಹೋಗುತ್ತಿದ್ದರು.

ನಾನೋ? ದೊಡ್ಡ ಮನುಷ್ಯನಾದೆ. ‘ನೀರಿನ ಸದ್ದನ್ನು ಗೆದ್ದವರು’ ಎಂದು ನನ್ನ ಫೋಟೋ ಹಾಕಿ ಕರಪತ್ರ ಅಚ್ಚು ಮಾಡಿಸಿದರು. ತರಬೇತಿಗಳಲ್ಲಿ ಶಾಲು ಹೊದಿಸಿ ಮಾತಾಡಿಸುತ್ತಾರೆ. ಹೇಗೆ ಗುಣವಾಯಿತು ಎಂದು ಕೇಳಿದರೆ ದೀರ್ಘವಾಗಿ ಉಸಿರೆಳೆದು ತೋರಿಸುತ್ತೇನೆ. ಹೋದ ವಾರ ಹಾವೇರಿಯಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮಾತು ಮುಗಿದ ಮೇಲೆ ನನ್ನ ಬಳಿ ಬಂದಳು. ಕ್ಷೇಮ ನಮೂನೆಯನ್ನು ತಮ್ಮ ಮುಖ್ಯಸ್ಥರೇ ತುಂಬುತ್ತಾರಂತೆ, ಹಾಗೆ ಮಾಡಬಹುದೇ ಎಂದು ಕೇಳಿದಳು. ನನಗೆ ಉಸಿರೆಳೆಯುವುದೂ ನೆನಪಾಗಲಿಲ್ಲ.

ಮೇಡಂಗೆ ಎಲ್ಲವನ್ನೂ ಬರೆದು ನಿನ್ನೆ ಅಂಚೆಗೆ ಹಾಕಿದ್ದೇನೆ. ನನ್ನ ಹೆಸರಿನ ಆ ನಾಲ್ಕು ಸಾಲು ನಿಮ್ಮವು, ನಿಮ್ಮ ಅರ್ಜಿಗೆ ಬೇಕಿದ್ದ ದಾಖಲೆ ಅದೇ ಎಂದು ತಿಳಿಸಿದ್ದೇನೆ. ಅವರು ಏನು ಮಾಡುತ್ತಾರೋ ಮಾಡಲಿ. ಅದಕ್ಕಿಂತ ನಿಮಗೆ ಹೇಳುವುದೇ ನನಗೆ ಕಷ್ಟ. ಯಾಕೆಂದರೆ ನಾನು ಕೊಟ್ಟ ಒಂದೇ ಒಂದು ಸಮಾಧಾನವನ್ನೂ ಈಗ ವಾಪಸು ಕಿತ್ತುಕೊಳ್ಳಬೇಕು. ನನಗೆ ಆ ಬೇನೆ ಇರಲಿಲ್ಲ, ಹಸೀನಾ. ಒಂದು ದಿನವೂ ಇರಲಿಲ್ಲ. ನಿಮಗೆ ಇತ್ತು. ನಿಮಗೊಬ್ಬರಿಗೇ ಇದ್ದರೂ ಅದು ಖರೇ ಬೇನೆಯೇ ಆಗಿತ್ತು. ನೀವು ಹುಚ್ಚಿಯಾಗಿರಲಿಲ್ಲ ಎನ್ನಲು ನನ್ನ ಸಾಕ್ಷಿ ಬೇಕಿರಲಿಲ್ಲ.

ಪ್ರತಿ ವರ್ಷ ಮಳೆ ಹಿಡಿದ ಕೂಡಲೇ ನೀವು ಫೋನು ಮಾಡಿ ‘ಈಗ ಹ್ಯಾಂಗ ಅದೀರಿ ಸರ’ ಎಂದು ಕೇಳುತ್ತೀರಿ. ನಾನು ‘ಪರವಾಗಿಲ್ಲ’ ಎನ್ನುತ್ತೇನೆ. ಈ ಸಲ ಮಾಡಬೇಡಿ. ನಾನೇ ಮಾಡುತ್ತೇನೆ. ಎತ್ತುವುದು ಬಿಡುವುದು ನಿಮ್ಮ ಇಷ್ಟ. ಎತ್ತಿದರೆ, ನೀವು ಹೇಗಿದ್ದೀರಿ ಎಂದು ಕೇಳುತ್ತೇನೆ. ಕೇಳಿ, ನೀವು ಹೇಳುವಷ್ಟು ಹೊತ್ತೂ ಸುಮ್ಮನಿರುತ್ತೇನೆ.