ಮುಚ್ಚಿದ ಪಾಲು

ನಮ್ಮ ದೊಡ್ಡಮ್ಮನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಹುಲ್ಲಿನ ತೆನೆಯನ್ನು ಆ ಸೀಳಿಗೆ ಸಿಕ್ಕಿಸಿ ಎಳೆದು, ಅಂಗೈಗೆ ಬಿದ್ದ ಬೀಜವನ್ನು ಹಲ್ಲಲ್ಲಿ ಕಡಿದು ನೋಡುವಳು. ಬಲಿತಿರದಿದ್ದರೆ ದನ ಬೇಲಿಯೊಳಗೆ ಹೋಗುವಂತಿಲ್ಲ, ಅದು ಪಟೇಲರ ದನವಾದರೂ ಸರಿಯೇ.

ಮಾಗಡಿ ರಸ್ತೆ ಪಕ್ಕದ ನಮ್ಮೂರ ಗೋಮಾಳಕ್ಕೆ ಅವಳನ್ನು ಯಾರೂ ಯಜಮಾನಿ ಮಾಡಿರಲಿಲ್ಲ. ಅವಳ ಬಾಯಿಗೆ ಹೆದರಿ ಎಲ್ಲರೂ ಒಪ್ಪಿಕೊಂಡಿದ್ದರು. ದನ ಮೇಯುವ ಆ ಬಯಲನ್ನು ಮೂರು ಪಾಲು ಮಾಡಿದ್ದಳು. ವರ್ಷಕ್ಕೊಂದು ಪಾಲಿಗೆ ಮುಳ್ಳುಬೇಲಿ ಹಾಕಿಸಿ, ಬೀಜ ಉದುರುವವರೆಗೆ ಮುಚ್ಚಿಡುತ್ತಿದ್ದಳು. ಯಾಕೆಂದು ಕೇಳಿದರೆ, "ಹೆತ್ತೋಳಿಗೆ ಬಾಣಂತನ ಮಾಡಲ್ವೇನೇ? ನೆಲಕ್ಕೂ ಹಂಗೇ" ಅನ್ನುವಳು. ಬೇಸಿಗೆಯಲ್ಲಿ ಸುತ್ತಲಿನ ಊರುಗಳ ದನಗಳ ಎಲುಬು ಎಣಿಸಬಹುದಾಗಿದ್ದಾಗ ನಮ್ಮವು ಮೈ ತುಂಬಿಕೊಂಡಿರುತ್ತಿದ್ದವು. ಆ ಜಂಬವೂ ಅವಳಿಗೆ ಚೆನ್ನಾಗಿಯೇ ಇತ್ತು.

ಐವತ್ತರ ದಶಕದ ನಡುವೆ ಬಡಾವಣೆಗೆಂದು ಎರಡು ಪಾಲು ಹೋದವು. ಉಳಿದದ್ದು ಆ ವರ್ಷ ಮುಚ್ಚಿದ್ದ ಪಾಲೊಂದೇ. ಅದಕ್ಕೂ ನೋಟೀಸು ಬಂತು. ಶಾಲೆ ಕಲಿತವಳೆಂದು ನಾನೇ ಓದಿ ಹೇಳಿದೆ. ಇವತ್ತೇ ದನ ಬಿಟ್ಟುಬಿಡೋಣ, ಸಿಕ್ಕಷ್ಟು ಮೇಯಲಿ ಎಂದು ಅಪ್ಪ ಅಂಗಲಾಚಿದ. ಕೊಟ್ಟಿಗೆಗಳಲ್ಲಿ ಹಸಿದ ದನಗಳು ಕೂಗುತ್ತಿದ್ದವು, ಅವಳ ನಾಲ್ಕು ಹಸುಗಳೂ ಸೇರಿ. ದೊಡ್ಡಮ್ಮ ಒಪ್ಪಲಿಲ್ಲ.

"ಬೀಜ ಉದುರಕ್ಕೆ ಇನ್ನೆಂಟು ದಿನ. ತೆನೆ ಹೊತ್ತು ನಿಂತಿರೋ ಹುಲ್ಲಿಗೆ ಯಾರೂ ಕಾಲಿಡಲ್ಲ."

ನಮ್ಮೂರಲ್ಲಿ ಯಾರೂ ಇಟ್ಟಿರಲಿಲ್ಲ, ನಿಜ. ಊರು ಅವಳ ಮಾತು ನಂಬಿ ಕಾಯಿತು.

ಆರನೆಯ ದಿನ ಬೆಳಗ್ಗೆ ಮಣ್ಣು ಕೆರೆಯುವ ಯಂತ್ರ ಬಂತು. ಮಧ್ಯಾಹ್ನಕ್ಕೆಲ್ಲ ಸೊಂಟದೆತ್ತರದ ಹುಲ್ಲು ಮಣ್ಣಿನ ರಾಶಿಯಲ್ಲಿ ಬೆರೆತುಹೋಗಿತ್ತು. ದನಗಳು ರಾಶಿಗೆ ಮೂತಿಯಿಟ್ಟು, ಸೀನಿ, ಹಿಂದೆ ಸರಿದವು. ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತೇನೋ.

"ತಿನ್ನಕ್ಕೆ ಬಿಡ್ಬೇಕಿತ್ತು ಕಣೇ" ಎಂದಳು, ನನಗೊಬ್ಬಳಿಗೆ. ಆ ತಿಂಗಳಲ್ಲೇ ದನಗಳೆಲ್ಲ ಸಂತೆಗೆ ಹೋಗಿ ಊರಿನ ಕೊಟ್ಟಿಗೆಗಳು ಖಾಲಿಯಾದವು.

ಕೆಲವು ವರ್ಷಗಳ ಮೇಲೆ ಆ ಬಡಾವಣೆಯಲ್ಲೇ ನನ್ನ ಗಂಡನಿಗೆ ಸೈಟು ಸಿಕ್ಕಿ, ಮನೆಯಾಯಿತು. ಗೃಹಪ್ರವೇಶಕ್ಕೆ ಬಂದ ದೊಡ್ಡಮ್ಮ ಹೊಸ್ತಿಲಾಚೆಯೇ ನಿಂತು, ಇದು ಯಾವ ಪಾಲು ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಗೊತ್ತಿತ್ತು. ಅವಳಿಗೂ ಗೊತ್ತಿತ್ತು. "ಚೆನ್ನಾಗಿ ಬಾಳವ್ವಾ" ಎಂದು ಅಕ್ಷತೆ ಹಾಕಿ, ಊಟ ಮಾಡದೆ ಹೊರಟುಹೋದಳು.

ಮುಂದಿನ ಆಷಾಢದಲ್ಲಿ ತೀರಿಕೊಂಡಳು. ಹಸಿದ ದನವನ್ನೂ ಒಳಗೆ ಬಿಡದೆ ಅವಳು ಕಾಯ್ದ ನೆಲದ ಮೇಲೆ ಕೂತು, ನಾನು ಇವತ್ತಿಗೂ ಉಣ್ಣುತ್ತಿದ್ದೇನೆ.